ಮೆಕ್ಸಿಕೋ ಬೆಳ್ಳಿಯೂ ಅಡುಗೆ ಸೋಡಾವೂ

ಮೆಕ್ಸಿಕೋದ ಹಳೆಯ ಬೆಳ್ಳಿ ಒಡವೆಗಳನ್ನು ಕೂಡಿಡಲು ನಾನು ಶುರು ಮಾಡಿದ್ದಕ್ಕೆ ಘನವಾದ ಕಾರಣವೇನೂ ಇಲ್ಲ. ಮಸ್ಕತ್ತಿನಲ್ಲಿ ನನಗೆ ಗೊತ್ತಿದ್ದ ಕನ್ನಡದ ಹೆಂಗಸರಲ್ಲಿ ಇನ್ನೊಬ್ಬರ ಹತ್ತಿರ ಅದು ಇರಲಿಲ್ಲ, ಅಷ್ಟೇ. ಬಂಗಾರದಲ್ಲಿ ಅವರ ಸಮಕ್ಕೆ ನಿಲ್ಲುವ ಶಕ್ತಿ ನನಗಿರಲಿಲ್ಲ. ಯುಗಾದಿಗೆ, ರಾಜ್ಯೋತ್ಸವಕ್ಕೆ ಎಲ್ಲರೂ ಸೇರಿದಾಗ ಒಬ್ಬೊಬ್ಬರ ಕೊರಳು ನೋಡಿ ಮನೆಗೆ ಬಂದರೆ ಎರಡು ದಿನ ನನಗೆ ಊಟ ಸೇರುತ್ತಿರಲಿಲ್ಲ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಅನ್ನುತ್ತಾರೆ. ನಾನೊಂದು ಮದ್ದು ಕಂಡುಕೊಂಡಿದ್ದೆ. ಬೇರೆ ಯಾರೂ ಓಡದ ದಾರಿಯಲ್ಲಿ ಒಬ್ಬಳೇ ಓಡಿದರೆ ಮೊದಲ ಬಹುಮಾನ ನನಗೇ ತಾನೆ?

ಮೊದಲನೆಯದು ಸಿಕ್ಕಿದ್ದು ಮತ್ರಾದ ಹಳೇ ಪೇಟೆ, ಅಂದರೆ ಸೂಕಿನೊಳಗಿನ ಒಂದು ಬೆಳ್ಳಿ ಅಂಗಡಿಯಲ್ಲಿ. ಒಮಾನಿ ಹೆಂಗಸರ ಹಳೆಯ ಕಾಲ್ಕಡಗ, ತಾಯಿತದ ಡಬ್ಬಿ, ತುಂಡಾದ ಸರಗಳ ರಾಶಿಯ ನಡುವೆ ಹೆಬ್ಬೆರಳಿನಷ್ಟು ದೊಡ್ಡದೊಂದು ಹಕ್ಕಿಯ ಪಿನ್ನು ಬಿದ್ದಿತ್ತು. ಅಂಗಡಿಯ ಮುದುಕ, ಸಾರಿನಲ್ಲಿ ಬಿದ್ದ ಕೂದಲು ತೆಗೆದಿಡುವವನಂತೆ ಅದನ್ನು ಪಕ್ಕಕ್ಕೆ ಸರಿಸಿ, "ಯೇ ಇಧರ್ ಕಾ ನಹೀ ಹೈ, ಸಿಸ್ಟರ್. ಮೆಕ್ಸಿಕೋ," ಎಂದ. ಎಣ್ಣೆ ಕಂಪನಿಯವರು ಯಾರೋ ದೇಶಕ್ಕೆ ವಾಪಸು ಹೋಗುವಾಗ ಮಾರಿ ಹೋದದ್ದಂತೆ. ಹಿಂದೆ ತಿರುಗಿಸಿ ನೋಡಿದರೆ ಸಾಸಿವೆಗಿಂತ ತುಸು ದೊಡ್ಡದಾದ ಹದ್ದಿನ ಮುದ್ರೆ, ಅದರ ಹೊಟ್ಟೆಯ ಮೇಲೊಂದು ಅಂಕಿ. ಮನೆಗೆ ಬಂದು ಫೋನಿನಲ್ಲಿ ಹುಡುಕಿದೆ. ಮೆಕ್ಸಿಕೋದ ಬೆಟ್ಟದ ಮೇಲಿನ ಊರೊಂದರಲ್ಲಿ ಬೆಳ್ಳಿ ಕೆಲಸದವರೇ ತುಂಬಿದ್ದಾರೆ, ನಮ್ಮಮ್ಮ ಚಿಕ್ಕವಳಿದ್ದ ಕಾಲದಲ್ಲಿ ಬೆಳ್ಳಿಯನ್ನು ಪರೀಕ್ಷಿಸಿ ಈ ಹದ್ದನ್ನು ಒತ್ತುತ್ತಿದ್ದರು, ಅಂಕಿಯಿಂದ ಯಾವ ಅಕ್ಕಸಾಲಿಯ ಕೆಲಸ ಎಂದು ಊಹಿಸಬಹುದು ಎಂದೆಲ್ಲ ತಿಳಿಯಿತು. ಅಂದಿನಿಂದ ನನ್ನ ಅಭ್ಯಾಸವೇ ಬದಲಾಯಿತು. ಯಾವ ಒಡವೆ ಕೈಗೆ ಬಂದರೂ ಮುಖ ನೋಡುವ ಮೊದಲು ಬೆನ್ನು ನೋಡುತ್ತೇನೆ.

ನನ್ನ ಗಂಡನಿಗೆ ಕೆಲಸ ದೂರದ ದುಕ್ಮ್‌ನಲ್ಲಿ. ಎರಡು ವಾರಕ್ಕೊಮ್ಮೆ ಗುರುವಾರ ಸಂಜೆ ಕಂಪನಿಯ ಬಸ್ಸಿನಲ್ಲಿ ಬಂದಿಳಿಯುತ್ತಾರೆ. ಪ್ರತಿ ಸಲ ನಾನು ಹೊಸದೊಂದು ತೋರಿಸಿದಾಗಲೂ ಅವರದು ಅದೇ ಮಾತು. "ಒಮಾನದಾಗ ಕೂತು ಮೆಕ್ಸಿಕೋ ಬೆಳ್ಳಿ ಹುಡುಕ್ತೀಯಲ್ಲ, ಮೆಕ್ಸಿಕೋಕ್ಕ ಹೋದ್ರ ಏನ್ ಹುಡುಕ್ತೀಯವಾ? ಒಮಾನಿ ಬೆಳ್ಳೀನೇನು?" ಎಂದು ನಗುತ್ತಿದ್ದರು. ನಗಲಿ. ಐದಾರು ವರ್ಷದಲ್ಲಿ ನನ್ನ ಡಬ್ಬಿಯಲ್ಲಿ ಹತ್ತೊಂಬತ್ತು ಒಡವೆ ಸೇರಿದ್ದವು. ಎಲ್ಲಕ್ಕೂ ಮೇಲಿನದು ಒಂದು ನೆಕ್ಲೇಸು. ಏಳು ಚೌಕದ ಬಿಲ್ಲೆ, ಬಿಲ್ಲೆಗೊಂದು ರೆಕ್ಕೆ ಬಿಚ್ಚಿದ ಹಕ್ಕಿ, ಹಕ್ಕಿಯ ಸುತ್ತ ಕಪ್ಪು.

ಆ ಕಪ್ಪಿನ ವಿಷಯ ಇಲ್ಲೇ ಹೇಳಿಬಿಡಬೇಕು. ಈ ಒಡವೆಗಳ ಜೀವ ಇರುವುದು ಅದರಲ್ಲೇ. ಕೆಲಸಗಾರ ಹಕ್ಕಿಯನ್ನು ಉಬ್ಬಿಸಿ, ಸುತ್ತಲಿನ ತಗ್ಗನ್ನು ಬೇಕೆಂದೇ ಕಪ್ಪಾಗಿಸಿರುತ್ತಾನೆ. ಐವತ್ತು ಅರವತ್ತು ವರ್ಷ ಮೈಮೇಲೆ ಇದ್ದೂ ಇದ್ದೂ ಉಬ್ಬು ಹೊಳೆಯುತ್ತದೆ, ತಗ್ಗು ಇನ್ನಷ್ಟು ಕಪ್ಪಾಗುತ್ತದೆ, ಹಕ್ಕಿ ಕತ್ತಲೆಯಿಂದ ಹೊರಗೆ ಬಂದ ಹಾಗೆ ಕಾಣುತ್ತದೆ. ಆದರೆ ನಮ್ಮ ಹೆಂಗಸರಿಗೆ ಕಪ್ಪು ಬೆಳ್ಳಿ ಅಂದರೆ ಮನೆಯಾಕೆಯ ಸೋಮಾರಿತನ. ಧಾರವಾಡದಲ್ಲಿ ನಮ್ಮಮ್ಮ ಬೆಳ್ಳಿ ದೀಪ, ಆರತಿ ತಟ್ಟೆಗಳನ್ನು ವಿಭೂತಿ ಹಚ್ಚಿ ತಿಕ್ಕಿ ತಿಕ್ಕಿ ಅದರ ಹೂಬಳ್ಳಿಯನ್ನೇ ಸವೆಸಿದ್ದಳು. ಈಗ ತಿಕ್ಕುವ ಕಷ್ಟವೂ ಇಲ್ಲ. ಪಾತ್ರೆಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಅಡುಗೆ ಸೋಡಾ, ಉಪ್ಪು, ಕುದಿಯುವ ನೀರು ಹಾಕಿ ಬೆಳ್ಳಿ ಮುಳುಗಿಸಿದರೆ ಐದು ನಿಮಿಷದಲ್ಲಿ ಬೆಳ್ಳಗಾಗುತ್ತದೆ. ಹಬ್ಬ ಬಂತೆಂದರೆ ವಾಟ್ಸಾಪಿನಲ್ಲಿ ಎಲ್ಲರೂ ಎಲ್ಲರಿಗೂ ಇದನ್ನೇ ಕಳಿಸುತ್ತಾರೆ. ದೀಪಕ್ಕೆ ಅದು ಸರಿ. ನಾನು ಮೊದಲ ವರ್ಷ ಬುದ್ಧಿಯಿಲ್ಲದೆ ಒಂದು ಜೊತೆ ಮೆಕ್ಸಿಕೋ ಓಲೆಯನ್ನು ಆ ನೀರಿಗೆ ಹಾಕಿದೆ. ತಗ್ಗಿನ ಕಪ್ಪೆಲ್ಲ ತೊಳೆದುಹೋಗಿ, ಜಾತ್ರೆಯಲ್ಲಿ ಮಾರುವ ತಗಡಿನ ಓಲೆಯ ಹಾಗೆ ಹೊರಬಂತು. ಆ ಕಪ್ಪು ಮತ್ತೆ ಬರಲಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಮಸ್ಕತ್ತಿನ ಅಂಚಿನ ಅಲ್ ಅಮೇರಾತ್‌ನ ನಮ್ಮ ಕಟ್ಟಡದಲ್ಲಿ ಎದುರು ಮನೆಗೆ ಮೈಸೂರಿನ ಹೆಂಗಸೊಬ್ಬಳು ಬಂದದ್ದು ಆಮೇಲೆ. ನನಗಿಂತ ಎಂಟು ವರ್ಷ ಚಿಕ್ಕವಳು. ಬಂದ ದಿನವೇ ಬಾಗಿಲಿಗೆ ಬಂದು "ಅಕ್ಕ, ಸ್ವಲ್ಪ ಹೆಪ್ಪು ಕೊಡ್ತೀರಾ?" ಎಂದು ಕೇಳಿದವಳು ಅಂದಿನಿಂದ ನಮ್ಮ ಮನೆಯವಳೇ ಆದಳು. ಒಳ್ಳೆಯವಳು. ಅದೇ ಅವಳ ತಪ್ಪು. ಅವಳ ಮೊಸರು ಗಡ್ಡೆಯಂತೆ ನಿಲ್ಲುತ್ತಿತ್ತು, ಅದೂ ನಾನೇ ಕೊಟ್ಟ ಹೆಪ್ಪಿನಿಂದ. ಬಾಲ್ಕನಿಯ ಬಿಸಿಲಿಗೆ ನನ್ನ ಕರಿಬೇವು ಒಣಗಿದರೆ ಅವಳದು ಚಿಗುರುತ್ತಿತ್ತು. ಇನ್ನು ಗಾಡಿ ಲೈಸೆನ್ಸು. ಇಲ್ಲಿ ಅದಕ್ಕೆ ಮೊದಲು ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಿ ತೋರಿಸಬೇಕು. ನಾನು ಮೂರು ಸಲ ಹೋಗಿ ಮೂರು ಸಲವೂ ಡ್ರಮ್ಮು ಬೀಳಿಸಿ ಬಂದವಳು. ಅವಳು ಒಂದೇ ಸಲಕ್ಕೆ ಪಾಸಾಗಿ ಮೈಸೂರು ಪಾಕು ಮಾಡಿ ತಂದುಕೊಟ್ಟಳು. ಬಾಯಿಗಿಟ್ಟರೆ ಕರಗುವಂಥದ್ದು. ನಾನು ಎರಡು ತಿಂದೆ, ಎರಡೂ ಗಂಟಲಲ್ಲಿ ಸಿಕ್ಕಿಕೊಂಡವು.

ಇಂಥವಳಿಗೆ ನನ್ನ ಡಬ್ಬಿ ತೆಗೆದು ತೋರಿಸಿದ್ದು ಯಾಕೆ ಅಂದರೆ, ಒಂದರಲ್ಲಾದರೂ ಅವಳು ಬಾಯಿ ಬಿಟ್ಟುಕೊಂಡು ನನ್ನನ್ನು ನೋಡಲಿ ಎಂದು. ನೋಡಿದಳು ಕೂಡ. "ಅಯ್ಯೋ ಅಕ್ಕ, ಎಷ್ಟು ಚೆನ್ನಾಗಿದೆ! ನನಗೂ ಹೇಳಿಕೊಡಿ," ಎಂದಳು. ಹೊಗಳಿಕೆಯ ಅಮಲಿನಲ್ಲಿ ನಾನು ಎಲ್ಲ ಹೇಳಿಕೊಟ್ಟೆ. ಹದ್ದಿನ ಮುದ್ರೆ, ಅಂಕಿ, ಕೊಂಡಿ ನೋಡುವ ಬಗೆ, ಮೊದಲು ಬೆನ್ನು ನೋಡಬೇಕು ಅನ್ನುವುದು. ತೊಳೆಯುವ ವಿಷಯ ಮಾತ್ರ ಬಿಟ್ಟೆ. ಅದನ್ನು ಹೇಳಬೇಕಾದರೆ ನನ್ನ ಓಲೆಯ ಕಥೆಯನ್ನೂ ಹೇಳಬೇಕಿತ್ತು.

ಬೇಸಿಗೆ ಬಂತೆಂದರೆ ಇಲ್ಲಿ ಮನೆ ಖಾಲಿ ಮಾಡುವವರ ಸುಗ್ಗಿ. ಕೆಲಸ ಮುಗಿದ ಪರದೇಶದವರು ಸಾಮಾನನ್ನೆಲ್ಲ ವರಾಂಡದಲ್ಲಿ ಹರಡಿ ಮಾರಿ ಹೋಗುತ್ತಾರೆ. ಹೋದ ವರ್ಷ ಆಷಾಢದಲ್ಲಿ ಬರ್ಕಾದ ಒಂದು ಮನೆಯ ಸಾಮಾನಿನ ಫೋಟೋಗಳು ನನ್ನ ಫೋನಿಗೆ ಬಂದವು. ಸೋಫಾ, ಪರದೆ, ಕನ್ನಡಿ ಮೇಜು. ಕನ್ನಡಿ ಮೇಜಿನ ಮೂಲೆಯಲ್ಲಿ ಏನೋ ಮಿನುಗುತ್ತಿತ್ತು. ದೊಡ್ಡದು ಮಾಡಿ ನೋಡಿದೆ. ಅಗಲವಾದ ಕೈಬಳೆ, ಚೌಕದ ಬಿಲ್ಲೆಗಳು, ರೆಕ್ಕೆ ಬಿಚ್ಚಿದ ಹಕ್ಕಿ. ನನ್ನ ನೆಕ್ಲೇಸಿನ ಜೋಡಿ! ಎಷ್ಟು ವರ್ಷದಿಂದ ಫೋನಿನಲ್ಲಿ ಹುಡುಕುತ್ತಿದ್ದ ವಸ್ತು ಒಂದು ಗಂಟೆಯ ದಾರಿಯಲ್ಲಿ ಬಿದ್ದುಕೊಂಡಿತ್ತು. ಗಂಡ ದುಕ್ಮ್‌ನಲ್ಲಿ, ನನಗೆ ಲೈಸೆನ್ಸಿಲ್ಲ. ಎದುರು ಮನೆಯ ಬೆಲ್ಲು ಒತ್ತದೆ ಗತಿ ಇರಲಿಲ್ಲ.

"ಏನು ತಗೋಬೇಕು ಅಕ್ಕ?" ಎಂದು ಕಾರಿನಲ್ಲಿ ಕೇಳಿದಳು.

"ಪಡದೆ ನೋಡೂಣಂತ. ಬ್ಯಾರೆ ಏನಿಲ್ಲ," ಎಂದೆ.

ಇಂಥ ಸೇಲಿನ ನಿಯಮ ಒಂದೇ. ಯಾರ ಕೈಯಲ್ಲಿದೆಯೋ ಅದು ಅವರದು. ನನಗೋ ಸೂಕಿನ ಅಭ್ಯಾಸ. ಬೇಕಾದ್ದರ ಕಡೆ ನೇರ ಹೋಗಬಾರದು, ಬೇಡದ್ದನ್ನು ನಾಲ್ಕು ಸಲ ಮುಟ್ಟಿ, ಕೊನೆಗೆ ಹೋಗುವಾಗ ಇದೊಂದು ಇರಲಿ ಅನ್ನುವಂತೆ ಎತ್ತಿಕೊಳ್ಳಬೇಕು. ಹಾಗಾಗಿ ನಾನು ಪರದೆಯ ಅಂಚು ಎಳೆದು, ಹೊಲಿಗೆ ನೋಡಿ, ಬಣ್ಣ ಬಿಡುತ್ತದೆಯೇ ಎಂದು ಕೇಳುತ್ತ ನಿಂತೆ. ಮನೆಯೊಡತಿ ಬಿಳಿ ಕೂದಲಿನ ಎತ್ತರದ ಹೆಂಗಸು, ತಾಳ್ಮೆಯಿಂದ ಉತ್ತರ ಹೇಳುತ್ತಿದ್ದರು. ಆಗಲೇ ಒಳಗಿನಿಂದ ಕೂಗು ಕೇಳಿತು.

"ಅಕ್ಕಾ! ಬೇಗ ಬನ್ನಿ! ಮೊದಲು ಬೆನ್ನು ನೋಡು ಅಂತ ಹೇಳಿದ್ರಲ್ಲ, ನೋಡಿದೆ. ಹದ್ದಿದೆ!"

ಹೋಗುವಷ್ಟರಲ್ಲಿ ಬಳೆ ಅವಳ ಮಣಿಕಟ್ಟಿನ ಮೇಲಿತ್ತು. ಮನೆಯೊಡತಿ ನನ್ನನ್ನು ದಾಟಿ ಹೋಗಿ ಅದರ ಕೊಂಡಿ ಹಾಕಿಕೊಟ್ಟರು. ಮದುವೆಯಾದ ಹೊಸದರಲ್ಲಿ ಮೆಕ್ಸಿಕೋದಲ್ಲಿದ್ದರಂತೆ, ಆಗ ಗಂಡ ಕೊಡಿಸಿದ್ದಂತೆ, ಈ ಕೈಗೆ ಎಷ್ಟು ಒಪ್ಪುತ್ತದೆ ಎಂದರು. ನನಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನನ್ನ ತುತ್ತನ್ನು ಇನ್ನೊಬ್ಬಳು ನನ್ನೆದುರೇ, ನಾನು ಕಲಿಸಿದ ರೀತಿಯಲ್ಲೇ ಕಲಸಿ ಉಂಡಿದ್ದಳು. ನಾನು ಬೇಡದ ಪರದೆಗಳನ್ನು ಹೊತ್ತುಕೊಂಡು ಕಾರು ಹತ್ತಿದೆ. ಮನೆಗೆ ತಂದು ನೋಡಿದರೆ ನಮ್ಮ ಕಿಟಕಿಗೆ ಅವು ಗಿಡ್ಡ.

"ನಿಮ್ಮ ನೆಕ್ಲೇಸಲ್ಲೂ ಇದೇ ಹಕ್ಕಿ ಇದೆ ಅಲ್ವಾ ಅಕ್ಕ?" ಎಂದು ದಾರಿಯಲ್ಲಿ ಕೇಳಿದಳು. ಸ್ಟಿಯರಿಂಗಿನ ಮೇಲೆ ಅವಳ ಕೈ, ಕೈಯಲ್ಲಿ ನನ್ನ ಬಳೆ.

"ಹೌದೇನು? ನಾ ಅಷ್ಟು ಲಕ್ಷ್ಯ ಕೊಟ್ಟು ನೋಡಿಲ್ಲವಾ."

ಇದು ನನಗೆ ಬೇಕಿತ್ತು ಎಂದಿದ್ದರೆ ಅಲ್ಲೇ ಗಾಡಿ ನಿಲ್ಲಿಸಿ ಬಿಚ್ಚಿ ಕೊಡುತ್ತಿದ್ದಳು. ಅಂಥವಳು. ನನ್ನ ಸಂಕಟವೇ ಅದು. ಕಸಿದುಕೊಂಡವಳಾಗಿದ್ದರೆ ಮನಸಾರೆ ಬೈದು ಹಗುರಾಗುತ್ತಿದ್ದೆ. ಕೇಳಿ ತೆಗೆದುಕೊಂಡರೆ ಒಡವೆ ನನ್ನದಾಗುತ್ತಿತ್ತು, ಕೊಟ್ಟ ದೊಡ್ಡತನ ಅವಳದಾಗುತ್ತಿತ್ತು. ಅವಳ ಖಾತೆಗೆ ಅದೊಂದು ಬಾಕಿಯಿತ್ತೇ ಎಂದು ನಾನು ಬಾಯಿ ಬಿಗಿಹಿಡಿದೆ. ಆಮೇಲೆ ಮೂರು ವಾರ ಅವಳು ಆ ಬಳೆ ಹಾಕಿಕೊಂಡೇ ಬಂದಳು. ಸಾಸಿವೆ ಕೇಳಲು ಬಂದರೂ ಬಳೆ, ಕಸ ಹಾಕಲು ಹೋದರೂ ಬಳೆ. ನಾನು ಅವಳ ಮುಖ ನೋಡಿ ಮಾತಾಡುವುದನ್ನೇ ಬಿಟ್ಟು ಕೈ ನೋಡಿ ಮಾತಾಡುತ್ತಿದ್ದೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಂದಳು.

"ಅಕ್ಕ, ನಾಳೆ ಅಮ್ಮನವರಿಗೆ ಇದನ್ನೇ ಹಾಕೋಣ ಅಂತ. ಕಲಶಕ್ಕೆ ಸೀರೆ ಉಡಿಸ್ತೀನಲ್ಲ, ಸೊಂಟಕ್ಕೆ ಡಾಬಿನ ಥರ ಕಟ್ಟಿದ್ರೆ ಎಷ್ಟು ಚೆನ್ನಾಗಿರುತ್ತೆ! ಆದ್ರೆ ಇಷ್ಟು ಕಪ್ಪಿರೋದನ್ನ ದೇವರ ಮೇಲೆ ಹೇಗೆ ಹಾಕೋದು? ಇಂಥದನ್ನ ಹೇಗೆ ತೊಳೀತಾರೆ?"

ಗೊತ್ತಿಲ್ಲದೆ ಹೇಳಿದೆ ಎಂದು ಇವತ್ತಿಗೂ ಯಾರ ಮುಂದೆಯೂ ಅನ್ನಲಾರೆ. ಎಲ್ಲ ಗೊತ್ತಿತ್ತು.

"ಅದರಾಗೇನದ," ಎಂದೆ. "ಬೋಗುಣಿಯೊಳಗ ಫಾಯಿಲ್ ಹಾಸು. ಅಡಗಿ ಸೋಡಾ, ಉಪ್ಪು ಹಾಕಿ ಕುದಿಯೂ ನೀರು ಸುರುವು. ಐದು ನಿಮಿಷದಾಗ ಹಾಲಿನಂಗ ಬೆಳ್ಳಗಾಗ್ತದ."

"ದೀಪ ತೊಳೆಯೋ ಥರಾನೇ?"

"ದೀಪ ತೊಳದಂಗನ. ಬೆಳ್ಳಿ ಎಲ್ಲಾ ಒಂದಽ ಅಲ್ಲೇನು?"

ಅವಳು ಖುಷಿಯಿಂದ ಹೋದಳು. ಬಾಗಿಲು ಹಾಕಿ ಬಂದು ನಾನು ಪಲ್ಯಕ್ಕೆ ಬೆಂಡೆಕಾಯಿ ಹೆಚ್ಚಲು ಕೂತೆ. ಸುಳ್ಳು ಯಾಕೆ, ಹೊಟ್ಟೆ ತಣ್ಣಗಾಗಿತ್ತು. ನನಗಿಲ್ಲದ್ದು ಅವಳಿಗೂ ಇಲ್ಲ. ಆರು ಬೆಂಡೆಕಾಯಿ ಹೆಚ್ಚುವಷ್ಟರಲ್ಲಿ ಮತ್ತೆ ಬೆಲ್ಲಾಯಿತು.

ಒಂದು ಕೈಯಲ್ಲಿ ಪಾತ್ರೆ, ಇನ್ನೊಂದರಲ್ಲಿ ಫಾಯಿಲ್ಲಿನ ಸುರುಳಿ, ಸೋಡಾ ಡಬ್ಬಿ ಕಂಕುಳಲ್ಲಿ. ಬಳೆ ಇನ್ನೂ ಮಣಿಕಟ್ಟಿನ ಮೇಲೇ ಇತ್ತು. "ನನಗೆ ಒಬ್ಬಳೇ ಮಾಡೋಕೆ ಭಯ ಅಕ್ಕ. ನಿಮ್ಮ ಮುಂದೇನೇ ಮಾಡ್ತೀನಿ," ಎನ್ನುತ್ತ ನೇರವಾಗಿ ನನ್ನ ಅಡುಗೆಮನೆಗೆ ನಡೆದಳು. ಒಲೆಯ ಮೇಲೆ ನೀರಿಟ್ಟು ಈ ಕಡೆ ತಿರುಗಿ, "ಇನ್ನೊಂದು ಕೇಳ್ಲಾ? ನಿಮ್ಮ ನೆಕ್ಲೇಸೂ ಒಂದು ದಿನದ ಮಟ್ಟಿಗೆ ಕೊಡಿ. ಅಮ್ಮನವರ ಕೊರಳಿಗೆ ಅದು, ಸೊಂಟಕ್ಕೆ ಇದು. ಒಟ್ಟಿಗೇ ತೊಳೆದುಬಿಡೋಣ, ಎರಡೂ ಒಂದೇ ಥರ ಕಾಣುತ್ತೆ," ಎಂದಳು.

ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ. ದೇವಿಗೆ ಅಂತ ಕೇಳಿದ್ದಕ್ಕೆ ಇಲ್ಲ ಅನ್ನುವ ಹಾಗಿಲ್ಲ. ಕೊಟ್ಟರೂ ತೊಳೆಯಬೇಡ ಅನ್ನಬೇಕು. ಯಾಕೆ ಬೇಡ ಎಂದು ಅವಳು ಕೇಳಿದರೆ, ಹತ್ತು ನಿಮಿಷದ ಹಿಂದೆ ನಾನು ಆಡಿದ ಮಾತು ಏನೆಂದು ಆ ದಡ್ಡಿಗೂ ಹೊಳೆಯುತ್ತದೆ. ಒಳಗೆ ಹೋಗಿ ಬೀರು ತೆಗೆದೆ. ಡಬ್ಬಿಯಿಂದ ನೆಕ್ಲೇಸು ತೆಗೆದು ಅಂಗೈ ಮೇಲೆ ಹಾಕಿಕೊಂಡು ನಿಂತೆ. ಏಳೂ ಹಕ್ಕಿಗಳು ಕಪ್ಪಿನಿಂದ ಎದ್ದು ನಿಂತಿದ್ದವು. ಅಡುಗೆಮನೆಗೆ ಹೋಗಿ ಒಂದೇ ಒಂದು ಮಾತು ಹೇಳಿದರೆ ನನ್ನದೂ ಉಳಿಯುತ್ತಿತ್ತು, ಅವಳದೂ ಉಳಿಯುತ್ತಿತ್ತು. ನಾನು ಆ ಮಾತನ್ನು ನಾಲಗೆಯ ತುದಿಯವರೆಗೆ ತಂದುಕೊಂಡೇ ಹೋದೆ.

ಅವಳು ನೀರು ಸುರಿದು, ಬಳೆ ಬಿಚ್ಚಿ ಕೈಯಲ್ಲಿ ಹಿಡಿದು ಕಾಯುತ್ತಿದ್ದಳು. ನನ್ನ ಮುಖದಲ್ಲಿ ಏನು ಕಂಡಿತೋ, "ನಿಮಗೆ ಮನಸ್ಸಿಲ್ಲ ಅಂದ್ರೆ ಬೇಡ ಅಕ್ಕ. ಅಷ್ಟು ಆಸೆಯಿಂದ ಇಟ್ಕೊಂಡಿರೋದು. ನಾನು ನನ್ನದೊಂದನ್ನೇ ಹಾಕ್ತೀನಿ," ಎಂದಳು.

ಆ ದಯೆ ನನ್ನನ್ನು ಕೆಡಿಸಿತು. ಅವಳು ಮತ್ತೆ ನನಗಿಂತ ಒಂದು ಮೆಟ್ಟಿಲು ಮೇಲೆ ನಿಂತುಬಿಟ್ಟಳು ಅನ್ನಿಸಿತು.

"ಮನಸ್ಸಿಲ್ಲದ ಏನವಾ, ದೇವರ ಕೆಲಸ," ಎಂದು ನಾನೇ ಮೊದಲು ನನ್ನ ನೆಕ್ಲೇಸನ್ನು ನೀರಿಗೆ ಬಿಟ್ಟೆ.

ಅವಳ ಬಳೆಯೂ ಬಿತ್ತು. ನೀರು ಬುರುಬುರು ಅಂದಿತು. ಕೊಳೆತ ಮೊಟ್ಟೆಯ ವಾಸನೆ ಎದ್ದು ಅವಳು ಮೂಗು ಮುಚ್ಚಿಕೊಂಡು ನಕ್ಕಳು. ಫಾಯಿಲ್ಲು ನಿಧಾನವಾಗಿ ಕಂದುತ್ತ ಬಂತು. ನಾನು ಬಗ್ಗಿ ನೋಡುತ್ತಲೇ ಇದ್ದೆ. ಮೊದಲು ಹಕ್ಕಿಗಳ ರೆಕ್ಕೆಯ ಗೆರೆಗಳು ಹೋದವು, ಆಮೇಲೆ ಸುತ್ತಲಿನ ಕಪ್ಪು ಬೂದಿಯಾಯಿತು, ಆಮೇಲೆ ಅದೂ ಇಲ್ಲ. ಇಕ್ಕಳದಲ್ಲಿ ಎತ್ತಿ ನಲ್ಲಿಗೆ ಹಿಡಿದಾಗ ಹಕ್ಕಿ ಯಾವುದು, ಬಯಲು ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕಿತ್ತು.

"ಅಬ್ಬಾ, ಹೊಸದರ ಹಾಗಾಯ್ತು!" ಎಂದು ಅವಳು ಸೀರೆಯ ಸೆರಗಿನಿಂದ ಎರಡನ್ನೂ ಒರೆಸಿದಳು. ಅವಳ ಮುಖದಲ್ಲಿ ಚೂರೂ ಬೇಸರವಿರಲಿಲ್ಲ. ನಾನು ಎಷ್ಟು ಹುಡುಕಿದರೂ ಇರಲಿಲ್ಲ.

ಮರುದಿನ ಶುಕ್ರವಾರ, ಎಲ್ಲರಿಗೂ ರಜೆ. ಅರಿಸಿನ ಕುಂಕುಮಕ್ಕೆ ಕಟ್ಟಡದ ಹೆಂಗಸರೆಲ್ಲ ಅವಳ ಮನೆಯಲ್ಲಿ ಸೇರಿದ್ದರು. ಹಸಿರು ಸೀರೆಯ ದೇವಿಯ ಕೊರಳಲ್ಲಿ ನನ್ನದು, ಸೊಂಟದಲ್ಲಿ ಅವಳದು, ಎರಡೂ ಬಲ್ಬಿನ ಬೆಳಕಿಗೆ ಬೆಳ್ಳಗೆ ಹೊಳೆಯುತ್ತಿದ್ದವು. "ಹೊಸದಾಗಿ ಮಾಡಿಸಿದ್ದಾ?" ಎಂದು ಒಬ್ಬರು ಕೇಳಿದರು. "ಇಲ್ಲ, ಹಳೇದು. ಕಪ್ಪಿಟ್ಟು ಹೋಗಿತ್ತು. ನಮ್ಮ ಅಕ್ಕ ಹೇಳಿಕೊಟ್ಟು ನಿಂತು ತೊಳೆಸಿದ್ರು," ಎಂದು ಅವಳು ನನ್ನ ತೋಳು ಹಿಡಿದು ಎಲ್ಲರಿಗೂ ತೋರಿಸಿದಳು. ನಾನು ಕೋಸಂಬರಿ ತಿಂದೆ, ಚೆನ್ನಾಗಿದೆ ಎಂದೆ. ರಾತ್ರಿಯೊಳಗೆ ನೆಕ್ಲೇಸು ಬಾಳೆಹಣ್ಣು, ರವಿಕೆ ಕಣದ ಜೊತೆ ನನ್ನ ಮನೆಗೆ ವಾಪಸು ಬಂತು. ನನ್ನ ಗಂಡ ಅದನ್ನು ಎತ್ತಿ ನೋಡಿ, "ಈಗ ಛಲೋ ಕಾಣ್ತದ ನೋಡು. ಇಷ್ಟು ದಿವಸ ಯಾಕ ತೊಳದಿದ್ದಿಲ್ಲ?" ಎಂದರು. ಅವರ ಕೈಯಿಂದ ತೆಗೆದುಕೊಂಡು ಡಬ್ಬಿಯ ತಳಕ್ಕೆ ಹಾಕಿದೆ. ಆಮೇಲೆ ಅದನ್ನು ಹಾಕಿಕೊಂಡಿಲ್ಲ.

ಅವಳು ಮಾತ್ರ ಆ ಬಳೆಯನ್ನು ಕೈಯಿಂದ ಬಿಚ್ಚಲೇ ಇಲ್ಲ. ಮೊನ್ನೆ ಮಧ್ಯಾಹ್ನ ಚಹಾ ಕುಡಿಯುತ್ತ ನನ್ನ ಪಕ್ಕಕ್ಕೆ ಸರಿದು ಕೂತು ಫೋನು ತೋರಿಸಿದಳು. ಎಲ್ಲಿಯವಳೋ ಒಬ್ಬ ಹೆಂಗಸು ತನ್ನ ಸಂಗ್ರಹದ ಫೋಟೋ ಹಾಕಿದ್ದಳು. ಅದೇ ನೆಕ್ಲೇಸು, ಅದೇ ಬಳೆ, ಜೋಡಿಯಾಗಿ, ಒಂದು ಬಿಳಿ ಬಟ್ಟೆಯ ಮೇಲೆ. ತಗ್ಗುಗಳಲ್ಲಿ ಕಪ್ಪು ಕಾಡಿಗೆಯಷ್ಟು ದಟ್ಟವಾಗಿತ್ತು, ಒಂದೊಂದು ಹಕ್ಕಿಯ ರೆಕ್ಕೆಯ ಗರಿಯನ್ನೂ ಎಣಿಸಬಹುದಿತ್ತು. ನನಗೆ ಆ ಕಾಣದ ಹೆಂಗಸಿನ ಮೇಲೆ ಅಲ್ಲೇ, ಚಹಾದ ಲೋಟ ಕೈಯಲ್ಲಿರುವಾಗಲೇ, ಮೈಯೆಲ್ಲ ಉರಿಯಿತು.

ಪಕ್ಕದಲ್ಲಿದ್ದವಳು ಆ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿ, ತನ್ನ ಕೈಯ ಬಳೆಯನ್ನೊಮ್ಮೆ ನೋಡಿಕೊಂಡು, ನಿಜವಾದ ಕನಿಕರದಿಂದ ಲೊಚಗುಟ್ಟಿದಳು.

"ಪಾಪ ಅಲ್ವಾ ಅಕ್ಕ? ಅವರಿಗೆ ಹೇಳಿಕೊಡೋಕೆ ನಿಮ್ಮಂಥವರು ಯಾರೂ ಇಲ್ಲ."

"ಹೂಂ," ಎಂದೆ.